ಓಡೋ ಗುರಿಗೆ ಎರಡೂವರೆ ಸೆಕೆಂಡು: ಒಲಿಂಪಿಕ್ಸ್ ಕೈಬಿಟ್ಟ ಆಟ, ನಿಲ್ಲದ ವಿಶ್ವ ಚಾಂಪಿಯನ್‌ಶಿಪ್

(ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಟಿವಿಯಲ್ಲಿ ಹೆಚ್ಚು ಕಾಣಸಿಗದ ಒಂದು ಆಟದ ಬಗ್ಗೆ ಮಾತಾಡೋಣ.

2023ರ ಸೆಪ್ಟೆಂಬರ್ 25, ಚೀನಾದ ಹ್ಯಾಂಗ್‌ಝೌ. ಕೊರೊನಾದಿಂದ ಒಂದು ವರ್ಷ ಮುಂದೆ ಹೋಗಿದ್ದ ಏಷ್ಯನ್ ಗೇಮ್ಸ್ ನಡೀತಾ ಇದೆ. ಶೂಟಿಂಗ್‌ನಲ್ಲಿ ಪುರುಷರ ಒಂದು ತಂಡ ಸ್ಪರ್ಧೆ. ಮೂರು ಜನರ ತಂಡ, ಒಬ್ಬೊಬ್ಬರಿಗೆ 60 ಗುಂಡು, ಒಟ್ಟು 180 ಗುಂಡು. ಎಲ್ಲಾ ಮುಗಿದ ಮೇಲೆ ಬೋರ್ಡ್ ನೋಡಿದ್ರೆ ಮೊದಲ ಎರಡು ತಂಡಗಳ ಅಂಕ ಒಂದೇ: 1668, 1668. ಆ ಎರಡು ತಂಡ ಯಾವುದು ಗೊತ್ತಾ? ಒಂದು ದಕ್ಷಿಣ ಕೊರಿಯಾ, ಇನ್ನೊಂದು ಉತ್ತರ ಕೊರಿಯಾ.

ಟೈ ಆದಾಗ ಹತ್ತು ಅಂಕದ ವೃತ್ತದ ಒಳಗೇ ಇರೋ ಇನ್ನೂ ಚಿಕ್ಕ ವೃತ್ತಕ್ಕೆ ಯಾರು ಹೆಚ್ಚು ಸಲ ಹೊಡೆದಿದ್ದಾರೆ ಅಂತ ಎಣಿಸ್ತಾರೆ. ದಕ್ಷಿಣ ಕೊರಿಯಾದವರದ್ದು 39, ಉತ್ತರದವರದ್ದು 29. ಚಿನ್ನ ದಕ್ಷಿಣಕ್ಕೆ, ಬೆಳ್ಳಿ ಉತ್ತರಕ್ಕೆ, ಕಂಚು ಇಂಡೊನೇಷ್ಯಾಕ್ಕೆ. ಪದಕ ಕೊಟ್ಟ ಮೇಲೆ ದಕ್ಷಿಣ ಕೊರಿಯಾದವರು ಒಟ್ಟಿಗೆ ಫೋಟೊ ತೆಗೆಸಿಕೊಳ್ಳೋಣ ಬನ್ನಿ ಅಂತ ಕರೆದರು. ಉತ್ತರದವರು ಬರಲಿಲ್ಲ. ಈ ಸುದ್ದಿ ಜಗತ್ತಿನಾದ್ಯಂತ ಬಂತು.

ಆದರೆ ಅವರು ಆಡಿದ ಆಟ ಯಾವುದು ಅನ್ನೋದರ ಬಗ್ಗೆ ಹೆಚ್ಚು ಜನ ತಲೆ ಕೆಡಿಸಿಕೊಳ್ಳಲಿಲ್ಲ. ಅದರ ಹೆಸರು ರನ್ನಿಂಗ್ ಟಾರ್ಗೆಟ್, ಅಂದ್ರೆ ಓಡುವ ಗುರಿ. ಒಂದು ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿತ್ತು, 2004ರ ನಂತರ ಇಲ್ಲ. ಆದರೂ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೀತಾನೇ ಇದೆ. ಒಲಿಂಪಿಕ್ಸ್ ಬೇಡ ಅಂದ ಆಟವನ್ನ ಜನ ಯಾಕೆ ಆಡ್ತಾರೆ, ಹೇಗೆ ಉಳಿಸಿಕೊಳ್ತಾರೆ? ಇದರಲ್ಲಿ ನಮ್ಮ ದೇಶದ ಶೂಟರ್‌ಗಳಿಗೂ ಒಂದು ಪಾಠ ಇದೆ, ಕೊನೆಗೆ ಅಲ್ಲಿಗೆ ಬರ್ತೀನಿ.

ಏನಿದು ಓಡುವ ಗುರಿ?

ಶೂಟಿಂಗ್ ಅಂದ ತಕ್ಷಣ ನಮಗೆ ನೆನಪಾಗೋದು ಅಭಿನವ್ ಬಿಂದ್ರಾ, ಮನು ಭಾಕರ್. ಅವರ ಸ್ಪರ್ಧೆಗಳಲ್ಲಿ ಗುರಿ ಅಲ್ಲಾಡಲ್ಲ. ಶೂಟರ್ ಉಸಿರು ಹಿಡಿದು, ಮೈಯನ್ನ ಕಲ್ಲಿನ ಥರ ನಿಲ್ಲಿಸಿ, ತನಗೆ ಸರಿ ಅನ್ನಿಸಿದಾಗ ಟ್ರಿಗರ್ ಒತ್ತಬಹುದು. ಮನಸ್ಸು ಸರಿ ಇಲ್ಲ ಅನ್ನಿಸಿದ್ರೆ ರೈಫಲ್ ಕೆಳಗಿಟ್ಟು ಮತ್ತೆ ಶುರು ಮಾಡಬಹುದು.

ಓಡುವ ಗುರಿಯಲ್ಲಿ ಆ ಸೌಲಭ್ಯ ಇಲ್ಲ. ಹತ್ತು ಮೀಟರ್ ದೂರದಲ್ಲಿ ಒಂದು ಗೋಡೆ, ಅದರಲ್ಲಿ ಎರಡು ಮೀಟರ್ ಅಗಲದ ಕಿಂಡಿ. ಗುರಿಯ ಕಾಗದ ಒಂದು ಪಕ್ಕದಿಂದ ಹೊರಗೆ ಬಂದು, ಆ ಕಿಂಡಿ ದಾಟಿ, ಇನ್ನೊಂದು ಪಕ್ಕದಲ್ಲಿ ಮರೆಯಾಗುತ್ತೆ. ನಿಧಾನದ ಓಟ ಆದ್ರೆ ಐದು ಸೆಕೆಂಡು, ವೇಗದ ಓಟ ಆದ್ರೆ ಎರಡೂವರೆ ಸೆಕೆಂಡು. ಅಷ್ಟರೊಳಗೆ ಒಂದೇ ಒಂದು ಗುಂಡು. ಒಮ್ಮೆ ಎಡದಿಂದ ಬಲಕ್ಕೆ, ಮತ್ತೊಮ್ಮೆ ಬಲದಿಂದ ಎಡಕ್ಕೆ. ಪುರುಷರ ಸ್ಪರ್ಧೆಯಲ್ಲಿ 30 ನಿಧಾನ, 30 ವೇಗ, ಒಟ್ಟು 60 ಸಲ.

ಇನ್ನೊಂದು ನಿಯಮ ಕೇಳಿ. ಗುರಿ ಕಾಣೋ ತನಕ ರೈಫಲ್ ಭುಜಕ್ಕೆ ಏರಿಸೋ ಹಾಗಿಲ್ಲ. ಅದರ ಹಿಂತುದಿ ಸೊಂಟದ ಹತ್ತಿರ ಇರಬೇಕು. ಅಲ್ಲೇ ಇದೆಯೋ ಇಲ್ಲವೋ ಅಂತ ತೀರ್ಪುಗಾರರಿಗೆ ಕಾಣಲಿ ಅಂತ ಶೂಟರ್‌ನ ಜಾಕೆಟ್ ಮೇಲೆ ಒಂದು ಪಟ್ಟಿ ಅಂಟಿಸಿರ್ತಾರೆ. ಹಾಗಾದ್ರೆ ವೇಗದ ಓಟದ ಎರಡೂವರೆ ಸೆಕೆಂಡಲ್ಲಿ ಏನೇನು ಆಗಬೇಕು ನೋಡಿ: ಗುರಿ ಕಾಣಬೇಕು, ರೈಫಲ್ ಏರಬೇಕು, ಕೆನ್ನೆ ಅದಕ್ಕೆ ಕೂರಬೇಕು, ಸ್ಕೋಪಲ್ಲಿ ಗುರಿ ಸಿಗಬೇಕು, ಅದರ ಜೊತೆಗೇ ರೈಫಲ್ ತಿರುಗಬೇಕು, ಟ್ರಿಗರ್ ಒತ್ತಬೇಕು. ಇಷ್ಟನ್ನೂ 30 ಸಲ, ಒಂದೇ ಥರ.

ಲಗೋರಿ ಆಡಿದವರಿಗೆ ಇದು ಗೊತ್ತು

ಇದರ ಹಿಂದಿರೋ ಲೆಕ್ಕ ನಮಗೆಲ್ಲ ಗೊತ್ತಿರೋದೇ. ಲಗೋರಿ ಆಡುವಾಗ ಎದುರಿಗೆ ಅಡ್ಡ ಓಡ್ತಾ ಇರೋ ಹುಡುಗನಿಗೆ ಚೆಂಡು ಹೊಡೀಬೇಕು. ಅವನು ಇರೋ ಜಾಗಕ್ಕೇ ಎಸೆದ್ರೆ ಏನಾಗುತ್ತೆ? ಚೆಂಡು ಹೋಗೋಷ್ಟರಲ್ಲಿ ಅವನು ಮುಂದೆ ಹೋಗಿರ್ತಾನೆ, ಚೆಂಡು ಬೆನ್ನ ಹಿಂದೆ ಹೋಗುತ್ತೆ. ಅದಕ್ಕೇ ಅವನು ಎಲ್ಲಿಗೆ ಬರ್ತಾನೋ ಅಲ್ಲಿಗೆ ಎಸೀತೀವಿ. ಶೂಟಿಂಗ್‌ನಲ್ಲಿ ಇದನ್ನೇ ‘ಲೀಡ್’ ಅಂತಾರೆ.

ಲೆಕ್ಕ ಹಾಕಿ ನೋಡೋಣ. ವೇಗದ ಓಟದಲ್ಲಿ ಗುರಿ ಎರಡೂವರೆ ಸೆಕೆಂಡಲ್ಲಿ ಎರಡು ಮೀಟರ್ ಹೋಗುತ್ತೆ, ಅಂದ್ರೆ ಸೆಕೆಂಡಿಗೆ 80 ಸೆಂಟಿಮೀಟರ್. ಏರ್ ರೈಫಲ್‌ನ ಪೆಲೆಟ್ ಸುಮಾರಾಗಿ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋಗುತ್ತೆ ಅಂತ ಇಟ್ಕೊಳ್ಳಿ. ಹತ್ತು ಮೀಟರ್ ದಾಟೋಕೆ ಅದಕ್ಕೆ ಬೇಕಾಗೋದು ಒಂದು ಸೆಕೆಂಡಿನ ನೂರು ಭಾಗದಲ್ಲಿ ಆರು ಭಾಗ. ಕಣ್ಣು ಮಿಟುಕಿಸೋದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ಅಷ್ಟರಲ್ಲೇ ಗುರಿ ಸುಮಾರು ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತೆ.

ಐದು ಸೆಂಟಿಮೀಟರ್ ಏನು ಮಹಾ ಅಂತೀರಾ? ಹತ್ತು ಅಂಕದ ವೃತ್ತದ ಅಗಲವೇ ಐದೂವರೆ ಮಿಲಿಮೀಟರ್! ಅಂದ್ರೆ ಲೀಡ್ ಲೆಕ್ಕ ಬಿಟ್ಟು ನೇರವಾಗಿ ಹೊಡೆದ್ರೆ, ಹತ್ತರ ವೃತ್ತದ ಒಂಬತ್ತು ಪಟ್ಟು ದೂರಕ್ಕೆ ಗುಂಡು ಬೀಳುತ್ತೆ. ನಿಧಾನದ ಓಟದಲ್ಲಿ ಈ ಅಂತರ ಅರ್ಧ, ಸುಮಾರು ಎರಡೂವರೆ ಸೆಂಟಿಮೀಟರ್. ಇದಕ್ಕಾಗಿಯೇ ಗುರಿಯ ಕಾಗದದಲ್ಲಿ ಎರಡು ವೃತ್ತ ಇರ್ತವೆ, ಮಧ್ಯದಲ್ಲಿ ಗುರಿ ಹಿಡಿಯೋಕೆ ಒಂದು ಗುರುತು. ಬಲಕ್ಕೆ ಓಡುವಾಗ ಒಂದು ವೃತ್ತದ ಲೆಕ್ಕ, ಎಡಕ್ಕೆ ಓಡುವಾಗ ಇನ್ನೊಂದರದ್ದು. ಶೂಟರ್‌ಗಳು ಈ ಅಂತರಗಳನ್ನ ಲೆಕ್ಕಕ್ಕೆ ತಗೊಂಡು ಸ್ಕೋಪ್ ಹೊಂದಿಸಿಕೊಂಡಿರ್ತಾರೆ.

ಇದರ ದೊಡ್ಡಣ್ಣ 50 ಮೀಟರ್ ಸ್ಪರ್ಧೆ. ಅಲ್ಲಿ ಗುರಿ ಮೇಲೆ ಓಡ್ತಾ ಇರೋ ಕಾಡುಹಂದಿಯ ಚಿತ್ರ. ಏರ್ ರೈಫಲ್ ಬದಲು ಪಾಯಿಂಟ್ 22 ರೈಫಲ್, ಕಿಂಡಿ ಹತ್ತು ಮೀಟರ್ ಅಗಲ, ಸಮಯ ಮಾತ್ರ ಅದೇ ಐದು ಮತ್ತು ಎರಡೂವರೆ ಸೆಕೆಂಡು. ಹಂದಿ ವೇಗದ ಓಟದಲ್ಲಿ ಸೆಕೆಂಡಿಗೆ ನಾಲ್ಕು ಮೀಟರ್ ಹೋಗುತ್ತೆ. ಗುಂಡು ತಲುಪೋಷ್ಟರಲ್ಲಿ ಅದು ಅರ್ಧ ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತೆ.

ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಆಟ ಬರಲ್ಲ. ಹೊಸಬರು ಮಾಡೋ ಸಾಮಾನ್ಯ ತಪ್ಪು ಅಂದ್ರೆ ಟ್ರಿಗರ್ ಒತ್ತೋ ಕ್ಷಣದಲ್ಲಿ ರೈಫಲ್ ನಿಲ್ಲಿಸಿಬಿಡೋದು. ಕೈ ನಿಂತರೆ ಗುಂಡು ಗುರಿಯ ಹಿಂದೆ ಬೀಳುತ್ತೆ. ಬ್ಯಾಟ್ಸ್‌ಮನ್ ಚೆಂಡು ತಾಗಿದ ಮೇಲೂ ಬ್ಯಾಟನ್ನ ಪೂರ್ತಿ ಬೀಸ್ತಾನಲ್ಲ, ಹಾಗೆ ಇಲ್ಲೂ ಗುಂಡು ಹೋದ ಮೇಲೂ ರೈಫಲ್ ಗುರಿಯ ಜೊತೆ ಸಾಗ್ತಾ ಇರಬೇಕು.

ಇನ್ನೊಂದು ಬಗೆ ಇದೆ, ‘ಮಿಕ್ಸೆಡ್ ರನ್’ ಅಂತ. ಅಲ್ಲಿ ನಿಧಾನ ಮತ್ತು ವೇಗದ ಓಟಗಳನ್ನ ಕಲಸಿಬಿಟ್ಟಿರ್ತಾರೆ. ಮುಂದಿನದು ಯಾವುದು ಅಂತ ಶೂಟರ್‌ಗೆ ಗೊತ್ತಿರಲ್ಲ. ಫಾಸ್ಟ್ ಬೌಲರ್ ಅದೇ ಓಟ, ಅದೇ ಕೈಚಳಕದಲ್ಲಿ ಸ್ಲೋ ಬಾಲ್ ಹಾಕಿದ್ರೆ ಬ್ಯಾಟ್ಸ್‌ಮನ್‌ಗೆ ಹೇಗಾಗುತ್ತೋ ಹಾಗೆ. ಗುರಿ ಕಂಡ ಮೇಲೆಯೇ ವೇಗ ಓದಿ, ಕೈಯ ಲಯವನ್ನೇ ಬದಲಾಯಿಸಬೇಕು.

ಅರವತ್ತನಾಲ್ಕರ ಅಜ್ಜನ ಚಿನ್ನ

ಈ ಆಟ ಹುಟ್ಟಿದ್ದು ಬೇಟೆಯಿಂದ, ಅದರಲ್ಲೂ ಉತ್ತರ ಯುರೋಪಿನ ಬೇಟೆಯ ಅಭ್ಯಾಸದಿಂದ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲೇ ‘ಓಡುವ ಜಿಂಕೆ’ ಅನ್ನೋ ಸ್ಪರ್ಧೆ ಇತ್ತು. ಜೀವಂತ ಜಿಂಕೆ ಅಲ್ಲ ಮತ್ತೆ, ಜಿಂಕೆಯ ಆಕಾರದ ಹಲಗೆ. ದೂರ ಸುಮಾರು 100 ಮೀಟರ್.

ಅಲ್ಲಿ ಚಿನ್ನ ಗೆದ್ದವರು ಸ್ವೀಡನ್‌ನ ಆಸ್ಕರ್ ಸ್ವಾನ್. ಆಗ ಅವರಿಗೆ 60 ವರ್ಷ. ಮೊದಲ ಒಲಿಂಪಿಕ್ಸ್ ಅದು! ನಾಲ್ಕು ವರ್ಷ ಬಿಟ್ಟು 1912ರಲ್ಲಿ ಒಲಿಂಪಿಕ್ಸ್ ಅವರ ದೇಶದ ಸ್ಟಾಕ್‌ಹೋಮ್‌ಗೇ ಬಂತು. 64ನೇ ವಯಸ್ಸಲ್ಲಿ ತಂಡ ಸ್ಪರ್ಧೆಯಲ್ಲಿ ಮತ್ತೆ ಚಿನ್ನ. ಒಲಿಂಪಿಕ್ಸ್ ಕ್ರೀಡಾ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಅತಿ ಹಿರಿಯ ವ್ಯಕ್ತಿ ಅನ್ನೋ ದಾಖಲೆ ಇವತ್ತಿಗೂ ಅವರದ್ದೇ. ಆ ತಂಡದಲ್ಲಿ ಅವರ ಪಕ್ಕ ನಿಂತಿದ್ದವರಲ್ಲಿ ಒಬ್ಬರು ಸ್ವಂತ ಮಗ ಆಲ್ಫ್ರೆಡ್ ಸ್ವಾನ್. ಅದೇ ಕೂಟದಲ್ಲಿ ಮಗ ವೈಯಕ್ತಿಕ ಚಿನ್ನವನ್ನೂ ಗೆದ್ದ. ಅಪ್ಪ ಅಲ್ಲಿಗೂ ನಿಲ್ಲಿಸಲಿಲ್ಲ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ, 72ನೇ ವಯಸ್ಸಲ್ಲಿ, ತಂಡದ ಜೊತೆ ಬೆಳ್ಳಿ ಗೆದ್ದರು.

ಆಮೇಲೆ ಈ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂತು, ಹೋಯ್ತು, ಮತ್ತೆ ಬಂತು. 1924ರ ನಂತರ ಬಿಟ್ಟುಹೋಯ್ತು. 1952, 1956ರಲ್ಲಿ ಓಡುವ ಜಿಂಕೆ ಮರಳಿತು. ಮತ್ತೆ ಮಾಯ. 1972ರ ಮ್ಯೂನಿಕ್‌ನಲ್ಲಿ 50 ಮೀಟರ್ ಸ್ಪರ್ಧೆಯಾಗಿ ಬಂತು. 1992ರ ಬಾರ್ಸಿಲೋನಾದಿಂದ 10 ಮೀಟರ್ ಏರ್ ರೈಫಲ್‌ಗೆ ಬದಲಾಯ್ತು. ಚೀನಾದ ಯಾಂಗ್ ಲಿಂಗ್ 1996 ಮತ್ತು 2000, ಎರಡೂ ಸಲ ಚಿನ್ನ ಗೆದ್ದರು. 2000ದಲ್ಲಿ ಬೆಳ್ಳಿ ಹೋಗಿದ್ದು ಪುಟ್ಟ ದೇಶ ಮಾಲ್ಡೋವಾದ ಒಲೆಗ್ ಮೊಲ್ಡೊವಾನ್ ಅವರಿಗೆ.

2004, ಅಥೆನ್ಸ್. ಜರ್ಮನಿಯ ಮ್ಯಾನ್‌ಫ್ರೆಡ್ ಕುರ್ಟ್ಸರ್ 600ಕ್ಕೆ 590 ಹೊಡೆದು, ವಿಶ್ವ ದಾಖಲೆಯೊಂದಿಗೆ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸಿಕ್ಕ ಕೊನೆಯ ಚಿನ್ನ ಅದು. 2008ರ ಬೀಜಿಂಗ್ ಪಟ್ಟಿಯಲ್ಲಿ ಓಡುವ ಗುರಿ ಇರಲಿಲ್ಲ.

ಯಾಕೆ ಹೀಗಾಗುತ್ತೆ?

ಒಲಿಂಪಿಕ್ಸ್‌ನಲ್ಲಿ ಪ್ರತಿ ಆಟಕ್ಕೂ ಇಷ್ಟೇ ಪದಕ, ಇಷ್ಟೇ ಕ್ರೀಡಾಪಟುಗಳು ಅಂತ ಮಿತಿ ಇರುತ್ತೆ. ಹೊಸದು ಒಳಗೆ ಬರಬೇಕು ಅಂದ್ರೆ ಹಳೇದು ಹೊರಗೆ ಹೋಗಬೇಕು. ಹಾಗೆ ಆಯ್ಕೆ ಮಾಡುವಾಗ ಕೆಲವು ಪ್ರಶ್ನೆ ಬರ್ತವೆ. ಎಷ್ಟು ದೇಶ ಆಡುತ್ತೆ? ಹೆಂಗಸರಿಗೂ ಅವಕಾಶ ಇದೆಯಾ? ಎಷ್ಟು ಖರ್ಚು? ನೋಡೋರಿಗೆ ಅರ್ಥ ಆಗುತ್ತಾ?

ಓಡುವ ಗುರಿ ಈ ಪ್ರಶ್ನೆಗಳಲ್ಲಿ ಸೋಲುತ್ತೆ. ಮಾಮೂಲಿ ಏರ್ ರೈಫಲ್ ರೇಂಜನ್ನ ಒಂದು ಹಾಲ್‌ನಲ್ಲಿ ಸಾಲಾಗಿ ಹಾಕಬಹುದು, ಎಷ್ಟೋ ಜನ ಒಟ್ಟಿಗೆ ಹೊಡೀಬಹುದು. ಓಡುವ ಗುರಿಗೆ ಹಳಿ, ಮೋಟಾರು, ಸಮಯ ಹಿಡಿಯೋ ಯಂತ್ರ ಬೇಕು, ಮತ್ತು ಒಂದು ಯಂತ್ರದ ಮುಂದೆ ಒಂದು ಸಲಕ್ಕೆ ಒಬ್ಬರೇ ನಿಲ್ಲಬಹುದು. ಯುರೋಪಿನ ಕೆಲವು ದೇಶ, ಚೀನಾ, ಎರಡೂ ಕೊರಿಯಾ, ಹೀಗೆ ಬೆರಳೆಣಿಕೆಯ ಕಡೆ ಮಾತ್ರ ಇದು ಗಟ್ಟಿಯಾಗಿತ್ತು. ಮಹಿಳೆಯರಿಗೆ ಅಂತ ಪ್ರತ್ಯೇಕ ಓಡುವ ಗುರಿ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಒಂದು ಸಲವೂ ಇರಲಿಲ್ಲ.

ಇಲ್ಲಿ ಇನ್ನೊಬ್ಬರ ಕಥೆ ಹೇಳಲೇಬೇಕು. ಸ್ಕೀಟ್ ಅಂತ ಇನ್ನೊಂದು ಸ್ಪರ್ಧೆ ಇದೆ, ಗಾಳಿಯಲ್ಲಿ ಹಾರೋ ಬಿಲ್ಲೆಗೆ ಹೊಡೆಯೋದು. 1992ರ ಬಾರ್ಸಿಲೋನಾದಲ್ಲಿ ಅದು ಗಂಡಸರು ಹೆಂಗಸರು ಇಬ್ಬರೂ ಸೇರಿ ಆಡುವ ಸ್ಪರ್ಧೆ. ಚೀನಾದ ಜಾಂಗ್ ಶಾನ್ 225ಕ್ಕೆ 223 ಬಿಲ್ಲೆ ಒಡೆದು ಗಂಡಸರನ್ನೆಲ್ಲ ಹಿಂದೆ ಹಾಕಿ ಚಿನ್ನ ಗೆದ್ದರು. ಮುಂದಿನ ಒಲಿಂಪಿಕ್ಸ್‌ನಲ್ಲಿ ಏನಾಯ್ತು? 1996ರಲ್ಲಿ ಸ್ಕೀಟ್ ಪುರುಷರಿಗೆ ಮಾತ್ರ ಆಯ್ತು, ಮಹಿಳಾ ಸ್ಕೀಟ್ ಇಡಲೇ ಇಲ್ಲ. ಚಾಂಪಿಯನ್‌ಗೆ ತನ್ನ ಚಿನ್ನ ಉಳಿಸಿಕೊಳ್ಳೋ ಅವಕಾಶವೇ ಸಿಗಲಿಲ್ಲ. ಮಹಿಳಾ ಸ್ಕೀಟ್ ಬಂದಿದ್ದು 2000ದಲ್ಲಿ. ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಒಬ್ಬರ ಬದುಕಿನ ನಾಲ್ಕಾರು ವರ್ಷ ಹಾಗೇ ಹೋಗುತ್ತೆ.

ಒಲಿಂಪಿಕ್ಸ್ ವರ್ಷದಲ್ಲಿ ತಮ್ಮದೇ ಕೂಟ

ಸರಿ, ಪಟ್ಟಿಯಿಂದ ಹೊರಬಿದ್ದ ಮೇಲೆ ಓಡುವ ಗುರಿಯವರು ಏನು ಮಾಡಿದರು? ಆಟ ಬಿಡಲಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ, ಅಂದ್ರೆ ಐಎಸ್‌ಎಸ್‌ಎಫ್, ತನ್ನ ದೊಡ್ಡ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದನ್ನ ಉಳಿಸಿಕೊಂಡಿತು. ಜೊತೆಗೆ ಒಲಿಂಪಿಕ್ಸ್ ನಡೆಯೋ ವರ್ಷಗಳಲ್ಲಿ ಓಡುವ ಗುರಿಗೆ ಅಂತಲೇ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ಶುರುವಾಯ್ತು. ಅಲ್ಲಿಗೆ ಹೋಗೋಕೆ ಆಗದವರಿಗೆ ಅವರದ್ದೇ ಒಂದು ಕೂಟ ಅನ್ನೋ ಹಾಗೆ. 2008ರಲ್ಲಿ ಅದು ಚೆಕ್ ಗಣರಾಜ್ಯದ ಪಿಲ್ಸೆನ್‌ನಲ್ಲಿ ನಡೆಯಿತು. 2012ರಲ್ಲಿ ಎಲ್ಲಿ ಗೊತ್ತಾ? ಸ್ಟಾಕ್‌ಹೋಮ್. ಅಪ್ಪ ಮಗ ಸ್ವಾನ್ ಇಬ್ಬರೂ ಚಿನ್ನ ಗೆದ್ದ ಊರಿಗೆ, ಸರಿಯಾಗಿ ನೂರು ವರ್ಷ ಆದಮೇಲೆ, ಅದೇ ಆಟ ಮರಳಿ ಬಂತು. ಈ ಸಲ ಒಲಿಂಪಿಕ್ಸ್ ಇಲ್ಲದೆ.

ಈ ಕೂಟಗಳಲ್ಲಿ 10 ಮೀಟರ್ ಇದೆ, 50 ಮೀಟರ್ ಇದೆ, ಮಿಕ್ಸೆಡ್ ರನ್ ಇದೆ, ಕಿರಿಯರ ವಿಭಾಗ ಇದೆ. ಒಲಿಂಪಿಕ್ಸ್ ಯಾವತ್ತೂ ಕೊಡದ ಮಹಿಳಾ ಸ್ಪರ್ಧೆಯೂ ಇಲ್ಲಿದೆ. 2022ರಲ್ಲಿ ಈ ಚಾಂಪಿಯನ್‌ಶಿಪ್ ಫ್ರಾನ್ಸ್‌ನ ಶಾತೊರೂ ಎಂಬಲ್ಲಿ ನಡೆಯಿತು. ಎರಡು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ನಡೆದಿದ್ದೂ ಅದೇ ಶಾತೊರೂನಲ್ಲಿ. ಆಗ ಓಡುವ ಗುರಿಗೆ ಮಾತ್ರ ಅಲ್ಲಿ ಜಾಗ ಇರಲಿಲ್ಲ.

ಹಾಗಂತ ಬೆಲೆ ಇಲ್ಲದ ಆಟ ಅಂತ ಅಂದ್ಕೋಬೇಡಿ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇಂಡೊನೇಷ್ಯಾದ ಮುಹಮ್ಮದ್ ಸೆಜಾತೆರಾ ದ್ವಿ ಪುತ್ರ ಓಡುವ ಗುರಿಯಲ್ಲೇ ಎರಡು ವೈಯಕ್ತಿಕ ಚಿನ್ನ ಗೆದ್ದರು. ದೊಡ್ಡ ದೇಶಗಳೆಲ್ಲ ಒಲಿಂಪಿಕ್ಸ್ ಪಟ್ಟಿಯ ಹಿಂದೆ ಓಡುವಾಗ, ಬಿಟ್ಟುಹೋದ ಆಟವನ್ನ ಹಿಡಿದುಕೊಂಡವರಿಗೆ ಒಂದು ದಾರಿ ಸಿಗುತ್ತೆ. ಅದೇ ಕೂಟದಲ್ಲಿ ಭಾರತದ ಶೂಟರ್‌ಗಳು 7 ಚಿನ್ನ ಸೇರಿ 22 ಪದಕ ಗೆದ್ದರು. ಅದರಲ್ಲಿ ಓಡುವ ಗುರಿಯದ್ದು ಒಂದೂ ಇಲ್ಲ.

ನಮಗೇನು ಸಂಬಂಧ?

ಈಗ ಮೊದಲು ಹೇಳಿದ ಪಾಠಕ್ಕೆ ಬರ್ತೀನಿ. ಕುರ್ಟ್ಸರ್ ಅಥೆನ್ಸ್‌ನಲ್ಲಿ ಕೊನೆಯ ಚಿನ್ನ ಗೆದ್ದರಲ್ಲ, ಅದೇ ವಾರ, ಅದೇ ಅಥೆನ್ಸ್‌ನಲ್ಲಿ ಭಾರತದ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊದಲ ವೈಯಕ್ತಿಕ ಬೆಳ್ಳಿ ಅದು. ಅವರ ಸ್ಪರ್ಧೆ ಡಬಲ್ ಟ್ರ್ಯಾಪ್: ಒಂದೇ ಸಲ ಎರಡು ಬಿಲ್ಲೆ ಹಾರ್ತವೆ, ಎರಡನ್ನೂ ಒಡೀಬೇಕು. ಅದೂ ಚಲಿಸುವ ಗುರಿಯೇ. ವ್ಯತ್ಯಾಸ ಏನಂದ್ರೆ ಅಲ್ಲಿ ಶಾಟ್‌ಗನ್, ಒಂದು ತೋಟಾದಿಂದ ನೂರಾರು ಚಿಕ್ಕ ಛರ್ರೆಗಳು ಹರಡಿಕೊಂಡು ಹೋಗ್ತವೆ. ಓಡುವ ಗುರಿಯಲ್ಲಿ ಹೋಗೋದು ಒಂದೇ ಪೆಲೆಟ್.

ಆ ಡಬಲ್ ಟ್ರ್ಯಾಪ್ ಈಗ ಎಲ್ಲಿದೆ? 2016ರ ರಿಯೊ ಅದಕ್ಕೆ ಕೊನೆ. ಗಂಡು ಹೆಣ್ಣು ಸಮಾನವಾಗಿರಲಿ ಅಂತ 2017ರಲ್ಲಿ ಪುರುಷರ ಮೂರು ಸ್ಪರ್ಧೆ ತೆಗೆದು ಮಿಶ್ರ ತಂಡ ಸ್ಪರ್ಧೆಗಳನ್ನ ಸೇರಿಸಿದರು. ತೆಗೆದ ಮೂರರಲ್ಲಿ ಡಬಲ್ ಟ್ರ್ಯಾಪ್ ಒಂದು. ಸಮಾನತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿರ್ಧಾರ ಬಂದಾಗ ಆ ಸ್ಪರ್ಧೆಯಲ್ಲೇ ಬೆಳೀತಾ ಇದ್ದವರ ಗತಿ ಏನು? 2018ರಲ್ಲಿ ಅಂಕುರ್ ಮಿತ್ತಲ್ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನಲ್ಲಿ ಡಬಲ್ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 15 ವರ್ಷದ ಹುಡುಗ ಶಾರ್ದೂಲ್ ವಿಹಾನ್ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದ. ಇಬ್ಬರೂ ಗೆದ್ದಿದ್ದು ಒಲಿಂಪಿಕ್ಸ್‌ಗೆ ದಾರಿಯೇ ಇಲ್ಲದ ಸ್ಪರ್ಧೆಯಲ್ಲಿ.

ಇದು ಬರೀ ಗೌರವದ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ ಕೂಡ. ನಮ್ಮಲ್ಲಿ ದೊಡ್ಡ ಕ್ರೀಡಾಪಟುಗಳಿಗೆ ಸರ್ಕಾರದ ನೆರವು ಸಿಗೋ ಯೋಜನೆಯ ಹೆಸರೇ ಟಾರ್ಗೆಟ್ ಒಲಿಂಪಿಕ್ ಪೋಡಿಯಂ. ಹೆಸರಲ್ಲೇ ಎಲ್ಲಾ ಇದೆ. ಶೂಟಿಂಗ್‌ನಲ್ಲಿ ತೋಟಾ, ಬಂದೂಕು, ಕೋಚ್, ಪ್ರಯಾಣ, ಪ್ರತಿಯೊಂದಕ್ಕೂ ಖರ್ಚು. ಆಟ ಒಲಿಂಪಿಕ್ಸ್ ಪಟ್ಟಿಯಿಂದ ಹೋದರೆ ನೆರವು ತೆಳುವಾಗುತ್ತೆ, ಹೊಸ ಮಕ್ಕಳು ಬರೋದು ನಿಲ್ಲುತ್ತೆ. ಹಾಗಾಗಿ ಡಬಲ್ ಟ್ರ್ಯಾಪ್ ಕಲಿತವರಿಗೆ ಇದ್ದ ದಾರಿ ಎರಡೇ: ಟ್ರ್ಯಾಪ್‌ನಂಥ ಇನ್ನೊಂದು ಸ್ಪರ್ಧೆಗೆ ಹೊರಳಿ ಮತ್ತೆ ಮೊದಲಿಂದ ಕಲಿಯೋದು, ಇಲ್ಲಾ ಓಡುವ ಗುರಿಯವರ ಹಾಗೆ ಪಟ್ಟಿ ಮರೆತು ಆಡ್ತಾ ಇರೋದು.

ಹೊಸ ಮಿಶ್ರ ಸ್ಪರ್ಧೆಗಳಿಂದ ನಮಗೆ ಏನೂ ಸಿಗಲಿಲ್ಲ ಅಂತಲೂ ಹೇಳೋ ಹಾಗಿಲ್ಲ. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರುಕಾ ಸ್ಕೀಟ್ ಮಿಶ್ರ ತಂಡದ ಕಂಚಿನ ಪಂದ್ಯದ ತನಕ ಹೋದರು. ಚೀನಾ ಎದುರು 43–44ರಿಂದ ಸೋತರು. ಒಂದೇ ಒಂದು ಬಿಲ್ಲೆ. ಒಂದು ಬಾಗಿಲು ಮುಚ್ಚಿದ ಜಾಗದಲ್ಲೇ ತೆರೆದ ಇನ್ನೊಂದು ಬಾಗಿಲದು.

ನೋಡಬೇಕು ಅನ್ನಿಸಿದ್ರೆ

ಓಡುವ ಗುರಿಯ ಒಂದು ವಿಡಿಯೊ ಫೋನಲ್ಲಿ ಹುಡುಕಿ ನೋಡಿ. ಮೊದಲು ಗುರಿ ನೋಡಬೇಡಿ, ಶೂಟರ್‌ನ ಸೊಂಟ ನೋಡಿ. ರೈಫಲ್ ಅಲ್ಲಿಂದ ಯಾವಾಗ ಏಳುತ್ತೆ, ಎಷ್ಟು ನಯವಾಗಿ ಏಳುತ್ತೆ ಅಂತ ಗಮನಿಸಿ. ಆಮೇಲೆ ಗುಂಡು ಹಾರಿದ ಕ್ಷಣದಲ್ಲಿ ರೈಫಲ್ ನಿಲ್ಲುತ್ತಾ, ಮುಂದೆ ಸಾಗುತ್ತಾ ನೋಡಿ. ಒಳ್ಳೆಯ ಶೂಟರ್ ಆದ್ರೆ 60 ಗುಂಡಲ್ಲೂ ಅದೇ ಚಲನೆ, ಅದೇ ಅಳತೆ. ಎರಡೇ ನಿಮಿಷ ನೋಡಿದ್ರೂ ಯಾರು ಪಳಗಿದವರು, ಯಾರು ಹೊಸಬರು ಅಂತ ನಿಮಗೇ ಗೊತ್ತಾಗುತ್ತೆ.

ಒಲಿಂಪಿಕ್ಸ್ ಕೊಡೋದು ದೊಡ್ಡ ವೇದಿಕೆ, ಅದನ್ನ ಅಲ್ಲಗಳೆಯೋಕೆ ಆಗಲ್ಲ. ಆದರೆ ಓಡುವ ಗುರಿಯವರು ಇಪ್ಪತ್ತು ವರ್ಷದಿಂದ ಆ ವೇದಿಕೆ ಇಲ್ಲದೆಯೇ ವಿಶ್ವ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡ್ತಾ ಬಂದಿದ್ದಾರೆ. ನಿಮ್ಮ ಊರಲ್ಲೂ ಪಟ್ಟಿಯಲ್ಲಿ ಇಲ್ಲದ ಆಟವನ್ನ ಬಿಡದೆ ಆಡ್ತಾ ಇರೋರು ಯಾರಾದ್ರೂ ಇದ್ದಾರಾ? ಇದ್ರೆ ಆಟದ ಹೆಸರು ಹೇಳಿ ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಅದರ ಬಗ್ಗೆಯೂ ಮಾತಾಡೋಣ.